ನೆಲ ಡೊಂಕು

ಆ ಮನೆಯಲ್ಲಿ ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವಂತಿರಲಿಲ್ಲ. ಕಿಟಕಿಯ ಪಕ್ಕದ್ದು ಅಜ್ಜಿಯದು, ಒಲೆಗೆ ಬೆನ್ನು ಮಾಡಿದ್ದು ಸೊಸೆಯದು, ಬಾಗಿಲ ಕಡೆಯದು ಮೊಮ್ಮಗಳದು, ಗೋಡೆಗೆ ಹತ್ತಿರದ್ದು ಮನೆಯ ಯಜಮಾನನದು. ಯಜಮಾನ ಬಡಗಿ. ಕುರ್ಚಿಗಳನ್ನೆಲ್ಲ ಮಾಡಿದವನು ಅವನೇ, ಅವುಗಳ ಅಡಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದವನೂ ಅವನೇ. ಬಂದ ನೆಂಟರು ಗೊತ್ತಿಲ್ಲದೆ ಯಾವುದೋ ಕುರ್ಚಿಯನ್ನು ಆಚೀಚೆ ಎಳೆದರೆ ಅವನ ಹುಬ್ಬು ಗಂಟಾಗುತ್ತಿತ್ತು. ಗುಡಿಸುವಾಗ ಎತ್ತಿಟ್ಟರೆ ಅದು ಮತ್ತೆ ಅದೇ ಜಾಗಕ್ಕೆ, ಅದೇ ದಿಕ್ಕಿಗೆ ಬರಬೇಕು. ಹೊರಗೆ ಬಾಯಿ ಬಿಡದ ಗಂಡಸರಿಗೆ ಮನೆಯೊಳಗೆ ಇಂಥದ್ದೊಂದು ಖಯಾಲಿ ಇದ್ದೇ ಇರುತ್ತದೆ ಎಂದುಕೊಂಡು ಹೆಂಗಸರು ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

ಮನೆ ಹಳೆಯದು, ನೆಲ ಮರದ್ದು. ಮದುವೆಯಾದ ಹೊಸದರಲ್ಲಿ ಬಡಗಿ ಹಳೆಯ ಹಲಗೆಗಳನ್ನು ಕಿತ್ತು ತನ್ನ ಕೈಯಾರೆ ಹೊಸ ಹಲಗೆ ಹೊಡೆದಿದ್ದ. ಎರಡು ಹಲಗೆಗಳ ನಡುವೆ ಕೂದಲೂ ತೂರುವಂತಿರಲಿಲ್ಲ. ಹೊಸ ಗಿರಾಕಿ ಬಂದರೆ ಮಾತಿಗೆ ಮುಂಚೆ ನೆಲ ತೋರಿಸುತ್ತಿದ್ದ. ತನ್ನ ಬಗ್ಗೆ ತಾನು ಹೇಳಿಕೊಳ್ಳಲು ಬಾರದ ಆ ಮನುಷ್ಯನಿಗೆ ನೆಲವೇ ಬಾಯಿ.

ಅಡುಗೆಮನೆಗೂ ಅಜ್ಜಿಯ ಕೋಣೆಗೂ ನಡುವೆ ಇಕ್ಕಟ್ಟಾದ ಓಣಿಯೊಂದಿತ್ತು. ಅದರ ಒಂದು ಮಗ್ಗುಲಿಗೆ ಬಚ್ಚಲುಮನೆ. ಅಜ್ಜಿಗೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚಹಾ ಮಾಡಿ, ತನ್ನ ಲೋಟವನ್ನು ಕೋಣೆಗೆ ಒಯ್ದು, ಹಾಸಿಗೆಯ ಮೇಲೆ ಕೂತು ಕುಡಿಯುವ ಅಭ್ಯಾಸ. ಒಂದು ಬೆಳಿಗ್ಗೆ ಹಾಗೆ ಒಯ್ಯುವಾಗ ಬಚ್ಚಲಿನ ಬಾಗಿಲ ಮುಂದೆ ಮುಗ್ಗರಿಸಿದಳು. ಬೀಳಲಿಲ್ಲ, ಗೋಡೆ ಸಿಕ್ಕಿತು. ಲೋಟ ಒಡೆಯಿತು, ಚಹಾ ನೆಲದ ಪಾಲಾಯಿತು.

ಅಂದು ಊಟದ ಹೊತ್ತಿಗೆ ಅಜ್ಜಿಯ ಆರೋಗ್ಯ ಎಲ್ಲರ ಬಾಯಿಗೆ ಬಿತ್ತು. ಮೊಮ್ಮಗಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದೊಡ್ಡವಳಾಗಿದ್ದರೂ ಮನೆಯಲ್ಲಿ ಅವಳಿನ್ನೂ ಪುಟ್ಟಿ. ಇದು ಕಣ್ಣಿನ ದೋಷವೇ, ನಂಬರು ಬದಲಾಗಿದೆ ಎಂದಳು. ಸೊಸೆಗೆ ಬೇಕರಿಯಲ್ಲಿ ಕೆಲಸ. ಅತ್ತೆ ಸರಿಯಾಗಿ ತಿನ್ನುತ್ತಿಲ್ಲ, ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯಲ್ಲೇ ಬಿಡುತ್ತಾರೆ, ನಿತ್ರಾಣಕ್ಕೆ ಇನ್ನೇನು ಕಾರಣ ಬೇಕು ಎಂದಳು. ಬಡಗಿ ಆಲೂಗಡ್ಡೆ ಅಗಿಯುತ್ತಾ, ಕಾಲಿನದ್ದೇ ಏನೋ ಇರಬೇಕು ಎಂದ. ಅವರವರ ಕಸುಬು ಅವರವರ ನಾಲಿಗೆಯ ಮೇಲೆ.

ಅಜ್ಜಿ ಎಲ್ಲರ ಮುಖವನ್ನೂ ನೋಡಿದಳು.

"ನನಗೇನೋ ನೆಲ ಡೊಂಕು ಅನ್ನಿಸುತ್ತಪ್ಪ. ಅಡುಗೆಮನೆಗೆ ಬರುವಾಗ ಎಡಕ್ಕೆ ಎಳೆದ ಹಾಗಾಗುತ್ತೆ."

ಪುಟ್ಟಿಗೆ ಬಾಯಲ್ಲಿದ್ದ ನೀರು ಮೂಗಿಗೆ ಬಂತು. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಡಗಿಯೂ ನಕ್ಕ. ಅಜ್ಜಿಗೂ ತಾನು ಏನು ಹೇಳಿಬಿಟ್ಟೆ ಎಂದು ಹೊಳೆದು ಅವಳೂ ನಕ್ಕಳು. ನಮ್ಮ ಭಾಷೆಯಲ್ಲಿ ಈ ಎರಡು ಪದಗಳ ಹಣೆಬರಹವೇ ಹಾಗೆ. ಒಟ್ಟಿಗೆ ಬಾಯಿಗೆ ಬಂದರೆ ಸಾಕು, ನೆಲವನ್ನು ಯಾರೂ ನೋಡುವುದಿಲ್ಲ, ಹೇಳಿದವರ ಕಾಲನ್ನೇ ನೋಡುತ್ತಾರೆ. ಬೇರೆ ಯಾವ ಮಾತಿನಲ್ಲಿ ಹೇಳಿದ್ದರೂ ಆ ರಾತ್ರಿ ಒಬ್ಬರಾದರೂ ಬಗ್ಗಿ ನೋಡುತ್ತಿದ್ದರೇನೋ.

ನಗು ನಿಂತ ಮೇಲೆ ಬಡಗಿ ಎದ್ದು ಹೋಗಿ ರಸಮಟ್ಟ ತಂದ. ಗಾಜಿನೊಳಗೆ ಗುಳ್ಳೆಯೊಂದು ಓಡಾಡುವ ಪಟ್ಟಿ ಅದು. ಊಟದ ಮೇಜಿನ ಮೇಲೆ ಇಟ್ಟ. ಗುಳ್ಳೆ ಎರಡು ಗೆರೆಗಳ ನಡುವೆ ಬಂದು ಕೂತಿತು.

"ನೋಡಮ್ಮ," ಎಂದು ಹಿಮ್ಮಡಿಯಿಂದ ನೆಲವನ್ನು ಒದ್ದು ತೋರಿಸಿದ. "ನೆಲ ಗಟ್ಟಿ ಇದೆ. ನಾನು ಹಾಕಿದ ನೆಲ."

ಅಜ್ಜಿ ಮತ್ತೆ ಆ ಮಾತೆತ್ತಲಿಲ್ಲ.

ಬಡಗಿ ಮಾತ್ರ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ, ಅದು ಅವನ ಒಳ್ಳೆಯತನ. ಮೂರ್ನಾಲ್ಕು ಬೆಳಿಗ್ಗೆ ಅಮ್ಮ ಕೋಣೆಯಿಂದ ಅಡುಗೆಮನೆಗೆ ಹೋಗುವಾಗ ಹಿಂದೆ ನಿಂತು ನೋಡಿದ. ಎಡಕ್ಕೆ ವಾಲುತ್ತಿದ್ದುದು ನಿಜ. ಕುಂಟುವ ಸಾಮಾನು ಕಂಡರೆ ಅದರ ಕಾಲಿಗೆ ಏನಾದರೂ ಕೊಟ್ಟು ನಿಲ್ಲಿಸುವುದು ಅವನ ಕೈಗೆ ಅಂಟಿದ ಗುಣ. ಅಮ್ಮನ ಮನೆಯೊಳಗಿನ ಮೆತ್ತನೆಯ ಚಪ್ಪಲಿಯಲ್ಲಿ ಎಡಗಾಲಿನದ್ದನ್ನು ಕೆಲಸದ ಜಾಗಕ್ಕೆ ಒಯ್ದು, ಅಟ್ಟೆಯ ಕೆಳಗೆ ಇನ್ನೊಂದು ಅಟ್ಟೆ ಅಂಟಿಸಿ, ಅಂಚು ಉಜ್ಜಿ, ಬಣ್ಣ ಹಚ್ಚಿ ತಂದ. ಕೂಡಿಸಿದ್ದು ಎಲ್ಲಿ ಎಂದು ಹುಡುಕಿದರೂ ಕಾಣದು. ಒಂದು ಕಾಲು ಗಿಡ್ಡವಾಗಿದೆಯಮ್ಮ, ವಯಸ್ಸಾದವರಿಗೆ ಹಾಗಾಗುತ್ತೆ ಎಂದ. ಅಜ್ಜಿ ಅದನ್ನು ಹಾಕಿಕೊಂಡು ಅಡುಗೆಮನೆಗೆ ನಡೆದಳು. ವಾಲಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ ಪಕ್ಕದ ಮನೆಯವಳಿಗೂ ಚಪ್ಪಲಿ ತಿರುಗಿಸಿ ತೋರಿಸಿದಳು. ನನ್ನ ಮಗ ಮಾಡಿಕೊಟ್ಟದ್ದು ಎಂದಳು.

ಅದಾದ ಮೇಲೆ ಅವಳು ನಿಜವಾಗಿ ಬೀಳತೊಡಗಿದಳು.

ಒಮ್ಮೆ ಚಹಾದ ಲೋಟದೊಂದಿಗೆ, ಒಮ್ಮೆ ಒಗೆದ ಬಟ್ಟೆಯ ಬುಟ್ಟಿಯೊಂದಿಗೆ, ಒಮ್ಮೆ ಬರಿಗೈಯಲ್ಲಿ. ಪ್ರತಿ ಸಲವೂ ಬಲಭುಜ ಗೋಡೆಗೆ ಬಡಿದು ಕಂದುತ್ತಿತ್ತು. ಪುಟ್ಟಿ ಹೊಸ ಕನ್ನಡಕ ತಂದಳು, ಸೊಸೆ ಮೊಟ್ಟೆ ಬೇಯಿಸಿ ಎದುರು ಕೂತು ತಿನ್ನಿಸಿದಳು. ಕಡೆಗೆ ಒಲೆಯ ಹತ್ತಿರ ಹೋಗಬೇಡಿ ಎಂದಳು. ಬಿಸಿನೀರು ಮೈಮೇಲೆ ಚೆಲ್ಲಿಕೊಂಡರೆ ಗತಿಯೇನು? ಅಜ್ಜಿಯ ಚಹಾವನ್ನು ಸೊಸೆಯೇ ಕತ್ತಲಿರುವಾಗಲೇ ಮಾಡಿ, ಫ್ಲಾಸ್ಕಿಗೆ ಹಾಕಿ, ಹಾಸಿಗೆಯ ಪಕ್ಕ ಇಟ್ಟು ಬೇಕರಿಗೆ ಓಡುತ್ತಿದ್ದಳು. ಫ್ಲಾಸ್ಕಿನ ಚಹಾಕ್ಕೆ ತುಕ್ಕಿನ ರುಚಿ ಎಂದು ಅಜ್ಜಿ ಒಮ್ಮೆ ಗೊಣಗಿದಳು. ಸೊಸೆಗೆ ಎಲ್ಲಿತ್ತೋ ಸಿಟ್ಟು, ನನಗೂ ಎರಡೇ ಕೈ ಇರೋದು ಅತ್ತೆ ಎಂದುಬಿಟ್ಟಳು. ಅಂದವಳಿಗೇ ಇಡೀ ದಿನ ಊಟ ಸೇರಲಿಲ್ಲ.

ವೃದ್ಧಾಶ್ರಮದ ಮಾತು ಮೊದಲು ಯಾರ ಬಾಯಿಂದ ಬಂತೆಂದು ಆಮೇಲೆ ಗಂಡ ಹೆಂಡತಿ ಇಬ್ಬರೂ ಒಪ್ಪಲಿಲ್ಲ. ಒಂದು ಸಂಜೆ ಪುಟ್ಟಿ ಕೆಲಸದಿಂದ ಬಂದಾಗ ಅಪ್ಪ ಅಮ್ಮ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಅದನ್ನೇ ಮಾತಾಡುತ್ತಿದ್ದರು.

"ಅಜ್ಜೀನ ಕಳಿಸೋದಾ?" ಎಂದಳು ಪುಟ್ಟಿ, ಚೀಲವನ್ನೂ ಇಳಿಸದೆ.

"ಕಳಿಸೋದಲ್ಲ," ಎಂದ ಬಡಗಿ. "ನೋಡ್ಕೊಳ್ಳೋರು ಇರೋ ಕಡೆ ಇರ್ಲಿ ಅಂತ."

"ಹಾಗಾದ್ರೆ ನಾವು ಯಾರು?"

"ನಾವು ಬೆಳಗಾದ್ರೆ ಮನೆ ಬಿಡೋರು," ಎಂದಳು ತಾಯಿ. "ಅವರು ಬಿದ್ದು ಸೊಂಟ ಮುರ್ಕೊಂಡು ಸಂಜೇವರೆಗೂ ಅಲ್ಲೇ ಬಿದ್ದಿದ್ರೆ ನಿನ್ನ ಅಂಗಡಿಗೆ ಕೇಳ್ಸುತ್ತಾ? ನನಗೇನು ಖುಷೀನಾ? ಅಲ್ಲಿ ಒಲೆ ಮುಂದೆ ನಿಂತಿರ್ತೀನಿ, ಪ್ರಾಣ ಇಲ್ಲಿ ಓಣೀಲಿ ಬಿದ್ದಿರುತ್ತೆ."

ತಾನು ಕೆಲಸ ಬಿಡುತ್ತೇನೆ ಎಂದು ಹೇಳುವ ಧೈರ್ಯ ಪುಟ್ಟಿಗೂ ಇರಲಿಲ್ಲ, ಅದಕ್ಕೇ ಬಾಗಿಲು ಧಡಾರನೆ ಹಾಕಿಕೊಂಡು ಅತ್ತಳು.

ತೆಳ್ಳನೆಯ ಗೋಡೆಗಳ ಮನೆಯಲ್ಲಿ ಗುಟ್ಟು ಉಳಿಯುವುದಿಲ್ಲ. ಮರುದಿನ ಅಜ್ಜಿಯೇ, ಹೆಸರು ಬರೆಸಿಬಿಡಪ್ಪ, ನಾನೂ ನಿಮಗೆ ಎಷ್ಟು ದಿನ ಅಂತ ಹೆದರಿಕೆ ಕೊಡಲಿ ಎಂದಳು. ತರಕಾರಿ ಹೆಚ್ಚುವ ತನ್ನ ಸಣ್ಣ ಚಾಕುವನ್ನು ಸೊಸೆಯ ಕೈಗೆ ಕೊಟ್ಟಳು. ಕುರ್ಚಿ ಪುಟ್ಟಿಗಿರಲಿ ಎಂದಳು. ಓಣಿಯಲ್ಲಿ ಓಡಾಡುವಾಗ ಬಲಗೈಯನ್ನೋ ಎಡಗೈಯನ್ನೋ ಗೋಡೆಗೆ ಒತ್ತಿ ನಡೆಯುತ್ತಿದ್ದಳು. ಕೆಲವೇ ವಾರಗಳಲ್ಲಿ ಗೋಡೆಯ ಬಣ್ಣದ ಮೇಲೆ ಕೈಮಟ್ಟಕ್ಕೆ ಮಾಸಲು ಪಟ್ಟಿಯೊಂದು ಮೂಡಿತು.

ಸದ್ಯಕ್ಕೆ ಹಾಸಿಗೆ ಖಾಲಿಯಿಲ್ಲ, ಆದೊಡನೆ ಫೋನ್ ಮಾಡುತ್ತೇವೆ, ಅಷ್ಟರಲ್ಲಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಡಿ ಎಂದು ಆಶ್ರಮದವರು ಹೇಳಿದರು. ಸೊಸೆ ಬೇಕರಿಗೆ ರಜೆ ಹಾಕಿ ಕರೆದುಕೊಂಡು ಹೋದಳು. ಹೊರಗಿನ ಚಪ್ಪಲಿ ಊದಿದ ಪಾದಕ್ಕೆ ಒತ್ತುತ್ತದೆಂದು ಅಜ್ಜಿ ಮನೆಯೊಳಗಿನ ಮೆತ್ತನೆಯದನ್ನೇ ಹಾಕಿಕೊಂಡು ಬಂದಿದ್ದಳು.

ಎದೆ, ಕಿವಿ, ಕಣ್ಣು ಎಲ್ಲ ನೋಡಿದರು. ವಯಸ್ಸಿಗೆ ತಕ್ಕಂತೆ ಇದೆ ಎಂದರು. ಕಡೆಯಲ್ಲಿ ನಡಿಗೆ ನೋಡುವ ಹುಡುಗಿಯೊಬ್ಬಳು ಅಜ್ಜಿಯನ್ನು ಉದ್ದನೆಯ ಕಾರಿಡಾರಿನಲ್ಲಿ ನಡೆಸಿದಳು. ಅಜ್ಜಿ ಬಲಕ್ಕೆ ವಾಲುತ್ತಾ, ಗೋಡೆಗೆ ಕೈ ಚಾಚುತ್ತಾ ಹೋದಳು. ತಿರುಗಿ ಬರುವಾಗಲೂ ಬಲಕ್ಕೇ ವಾಲಿದಳು.

"ಒಂದು ಕಾಲು ಗಿಡ್ಡ," ಎಂದಳು ಸೊಸೆ.

ಹುಡುಗಿ ಟೇಪು ಹಿಡಿದು ಎರಡೂ ಕಾಲು ಅಳೆದಳು. ಮತ್ತೊಮ್ಮೆ ಅಳೆದಳು. ಎರಡೂ ಒಂದೇ ಉದ್ದ ಇವೆಯಲ್ಲ, ಯಾರು ಹೇಳಿದ್ದು ನಿಮಗೆ ಎಂದು ಕೇಳಿದಳು. ಚಪ್ಪಲಿ ಬಿಟ್ಟು ನಡೆಯಿರಿ ಅಜ್ಜಿ ಎಂದಳು.

ಅಜ್ಜಿ ಬರಿಗಾಲಲ್ಲಿ ನಡೆದಳು. ಮೊದಲು ಹೆದರಿ, ಆಮೇಲೆ ಹೆದರಿಕೆ ಮರೆತು, ಕಾರಿಡಾರಿನ ಕೊನೆಯವರೆಗೆ ದಾರ ಹಿಡಿದಂತೆ ನೇರವಾಗಿ ಹೋಗಿ, ತಿರುಗಿ, ನೇರವಾಗಿ ಬಂದಳು. ಕೈ ಎರಡೂ ಪಕ್ಕದಲ್ಲೇ ಇದ್ದವು. ಬಂದು ಸೊಸೆಯ ಮುಂದೆ ನಿಂತು, ಯಾರಿಗೂ ಕೇಳಿಸಬಾರದೆಂಬಂತೆ ಹೇಳಿದಳು.

"ಇಲ್ಲಿ ನೆಲ ಚೆನ್ನಾಗಿದೆ ಕಣಮ್ಮ."

ಸೊಸೆ ಕೈಯಲ್ಲಿದ್ದ ಚಪ್ಪಲಿಗಳನ್ನು ಜೋಡಿಸಿ ಹಿಡಿದು ನೋಡಿದಳು. ಬಸ್ಸಿನಲ್ಲಿ ಕೂತಾಗ ಒಂದೊಂದೇ ನೆನಪಿಗೆ ಬಂತು. ಅತ್ತೆ ಬಿದ್ದದ್ದೆಲ್ಲ ಅಡುಗೆಮನೆಯಿಂದ ವಾಪಸು ಬರುವಾಗ, ಹೋಗುವಾಗ ಒಮ್ಮೆಯೂ ಅಲ್ಲ. ಹೋಗುವಾಗ ಬಚ್ಚಲಿನ ಗೋಡೆ ಎಡಕ್ಕೆ, ಬರುವಾಗ ಬಲಕ್ಕೆ. ಬೇಕರಿಯಲ್ಲಿ ಸಮನಾಗಿ ಉಬ್ಬುವ ಅವಳ ಕೇಕು ಮನೆಯಲ್ಲಿ ಮಾಡಿದರೆ ಮಾತ್ರ ಒಂದು ಕಡೆ ದಪ್ಪ. ಅದಕ್ಕೆ ಗಂಡ ಒಲೆಯ ಕಾಲ ಕೆಳಗೆ ಮರದ ಚಕ್ಕೆ ಕೊಟ್ಟಿದ್ದ. ಬಚ್ಚಲಿನ ಬಾಗಿಲು ನೆಲಕ್ಕೆ ಉಜ್ಜುತ್ತದೆಂದು ಅದರ ಅಡಿಯನ್ನು ಎಷ್ಟು ಸಲ ಕೆತ್ತಿದ್ದನೋ. ಆಮೇಲೆ ಕುರ್ಚಿಗಳು. ಆ ಕುರ್ಚಿಗಳು ನೆನಪಾದಾಗ ಅವಳಿಗೆ ಬಸ್ಸಿನಲ್ಲೇ ಅಳು ಬಂತು, ಅಳುವಿನ ಹಿಂದೆಯೇ ಕೆಂಡದಂಥ ಕೋಪ ಬಂತು. ದಾರಿಯಲ್ಲಿ ಇಳಿದು ಬೇಕರಿಗೆ ಹೋಗಿ ಅಗಲದ ಟ್ರೇ ಒಂದನ್ನು ಕೇಳಿ ತಂದಳು.

ಸಂಜೆ ಬಡಗಿ ಬಂದಾಗ ಓಣಿಯಲ್ಲಿ, ಬಚ್ಚಲಿನ ಬಾಗಿಲ ಮುಂದೆ, ಟ್ರೇ ನೆಲದ ಮೇಲಿತ್ತು. ಅದರಲ್ಲಿ ಬೆರಳು ಮುಳುಗುವಷ್ಟು ನೀರು. ನೀರೆಲ್ಲ ಬಚ್ಚಲಿನ ಕಡೆಗೆ ಸರಿದು ಅಂಚಿನಲ್ಲಿ ತುಳುಕುತ್ತಿತ್ತು. ಇನ್ನೊಂದು ಅಂಚಿನಲ್ಲಿ ಟ್ರೇಯ ತಳ ಒಣಗಿ ಹೊಳೆಯುತ್ತಿತ್ತು.

"ಟ್ರೇ ಸೊಟ್ಟಗಿದೆ," ಎಂದ ಬಡಗಿ.

ಹೆಂಡತಿ ಬಗ್ಗಿ ಟ್ರೇಯನ್ನು ಹಿಂದುಮುಂದಾಗಿ ತಿರುಗಿಸಿದಳು. ನೀರು ತೂಗಾಡಿ ಮತ್ತೆ ಬಚ್ಚಲಿನ ಕಡೆಗೇ ಬಂತು.

ಅವನು ಹೋಗಿ ರಸಮಟ್ಟ ಹಿಡಿದು ಬಂದು, ಅಭ್ಯಾಸದಂತೆ ಊಟದ ಮೇಜಿನ ಕಡೆ ತಿರುಗಿದ.

"ಮೇಜಿನ ಮೇಲೆ ಬೇಡ ರೀ. ನೆಲದ ಮೇಲೆ ಇಡಿ."

ಅವನು ಇಡಲಿಲ್ಲ, ಹಿಡಿದುಕೊಂಡೇ ನಿಂತ. ಅಷ್ಟರಲ್ಲಿ ಪುಟ್ಟಿ ಅಜ್ಜಿಯ ಕುರ್ಚಿಯನ್ನು ಎತ್ತಿ ತನ್ನ ಜಾಗದಲ್ಲಿಟ್ಟು ಕೂತಳು. ಕುರ್ಚಿ ಲಟಕ್ಕೆಂದು ಒಂದು ಪಕ್ಕಕ್ಕೆ ವಾಲಿತು. ಅಪ್ಪನ ಕುರ್ಚಿಯನ್ನು ಅಮ್ಮನ ಜಾಗಕ್ಕೆ ಇಟ್ಟಳು, ಅದೂ ಕುಂಟಿತು. ಒಂದೊಂದರ ಕಾಲನ್ನೂ ಅದರದರ ಜಾಗದ ಓರೆಗೆ ತಕ್ಕಂತೆ ಕೊಯ್ದು ಕೂರಿಸಿದ್ದ. ಮೇಜಿನದೂ ಅದೇ ಕತೆ. ಮನೆಯೊಳಗಿನ ಸಾಮಾನೆಲ್ಲ ನೆಟ್ಟಗೆ ನಿಂತಿತ್ತು, ನೆಲ ಒಂದನ್ನು ಬಿಟ್ಟು.

"ಯಾವಾಗಿಂದ ಗೊತ್ತು ನಿಮಗೆ?" ಎಂದಳು ಹೆಂಡತಿ.

"ಹಳೇ ಮನೆ ಅಂದ್ಮೇಲೆ ಸ್ವಲ್ಪ ಓರೆ ಇದ್ದೇ ಇರುತ್ತೆ. ಓರೆ ಇದ್ರೆ ಮನೆ ಬೀಳಲ್ಲ."

"ಮನೆ ಬೀಳಲ್ಲ. ನಿಮ್ಮಮ್ಮ ಬೀಳ್ತಾರೆ." ಅವಳು ಎಡಗಾಲಿನ ಚಪ್ಪಲಿಯನ್ನು ಮೇಜಿನ ಮೇಲೆ ಇಟ್ಟಳು. "ಕುರ್ಚಿಗೆ ಮಾಡಿದ್ದನ್ನೇ ಅವರಿಗೂ ಮಾಡಿದ್ರಿ. ಕುರ್ಚಿ ಹಾಕಿದ ಕಡೆ ಇರುತ್ತೆ ರೀ. ಮನುಷ್ಯರು ಹೋದ ದಾರೀಲೇ ತಿರುಗಿ ಬರಬೇಕು."

ಬಡಗಿ ಕೂತ. ತನ್ನದಲ್ಲದ ಕುರ್ಚಿಯಲ್ಲಿ ಕೂತು ಓಲಾಡಿದ. ಅವನು ದುಷ್ಟನಲ್ಲ. ವರ್ಷವರ್ಷವೂ ಒಂದೊಂದು ಚಕ್ಕೆ ಕೊಡುತ್ತಾ, ಒಂದೊಂದು ಕಾಲು ಕೊಯ್ಯುತ್ತಾ, ನೆಲ ಸರಿಯಿದೆ ಎಂದು ತನಗೆ ತಾನೇ ನಂಬಿಸಿಕೊಂಡು ಬಂದಿದ್ದ. ಊರಿಗೆಲ್ಲ ತೋರಿಸಿದ ನೆಲ ಅದು. ಅದರಲ್ಲಿ ಹುಳುಕಿದೆ ಎಂದರೆ ತನ್ನ ಕೈಯಲ್ಲೇ ಹುಳುಕಿದೆ ಎಂದ ಹಾಗೆ. ಅಮ್ಮನ ಕಾಲಿನಲ್ಲಿ ದೋಷ ಹುಡುಕುವುದು ಅದಕ್ಕಿಂತ ಸುಲಭವಾಗಿತ್ತು. ಹೀಗೆ ಬಿಡಿಸಿ ಅವನು ಯೋಚಿಸಿರಲಿಲ್ಲ. ಯೋಚಿಸದೆ ಮಾಡಿದ್ದರಿಂದ ಅಜ್ಜಿಯ ಭುಜದ ಕಂದು ಕಡಿಮೆಯಾಗುವುದಿಲ್ಲ.

ಊಟಕ್ಕೆ ಯಾರೂ ತಟ್ಟೆ ಹಾಕಲಿಲ್ಲ. ಬಡಗಿ ಓಣಿಗೆ ಹೋಗಿ ಮಂಡಿಯೂರಿ, ಸುತ್ತಿಗೆಯ ಹಿಡಿಯಿಂದ ಹಲಗೆಗಳನ್ನು ಒಂದೊಂದಾಗಿ ತಟ್ಟುತ್ತಾ ಬಂದ. ಟಕ್ ಟಕ್ ಎನ್ನುತ್ತಿದ್ದ ಸದ್ದು ಬಚ್ಚಲಿನ ಬಾಗಿಲ ಹತ್ತಿರ ಮಂದವಾಯಿತು. ಅಂಗೈ ಊರಿ ಒತ್ತಿದ. ಹಲಗೆ ತಗ್ಗಿ, ಕೈ ತೆಗೆದರೆ ಮೇಲೆದ್ದಿತು. ಅವನ ಮುಖದ ಬಣ್ಣ ಇಳಿಯಿತು. ಆಗ ಹೆಂಡತಿಗೆ ಅರ್ಥವಾಯಿತು, ಓರೆ ಅವನಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

"ಓರೆ ಬೇರೆ," ಎಂದ ಬಡಗಿ, ಯಾರನ್ನೂ ನೋಡದೆ. "ಮೆತ್ತಗಾಗೋದು ಬೇರೆ. ಇದು ಕೆಳಗೆ ಕೊಳೀತಿದೆ."

ಅಂದೇ ಎರಡು ಹಲಗೆ ಎಬ್ಬಿಸಿದ. ಚೆನ್ನಾಗಿ ಕೂಡಿಸಿದ್ದರಿಂದ ಅವು ಸುಲಭಕ್ಕೆ ಬಿಡಲಿಲ್ಲ, ತನ್ನ ಕೆಲಸವನ್ನೇ ತಾನು ಬೈಯುತ್ತಾ ಕಿತ್ತ. ಒದ್ದೆ ಮಣ್ಣಿನ ಕಮಟು ವಾಸನೆ ಮನೆ ತುಂಬಿತು. ಅಜ್ಜಿ ಕೋಣೆಯಿಂದ ಟಾರ್ಚು ತಂದು, ಬಾಗಿಲ ಚೌಕಟ್ಟು ಹಿಡಿದು ನಿಂತು ಬೆಳಕು ಬಿಟ್ಟಳು. ಬಚ್ಚಲಿನ ನೀರು ಹೋಗುವ ಕೊಳವೆ ಜೋಡಣೆಯ ಹತ್ತಿರ ಬಿಟ್ಟುಕೊಂಡು ತೊಟ್ಟಿಕ್ಕುತ್ತಿತ್ತು. ಹಲಗೆಗಳನ್ನು ಹೊತ್ತ ತೊಲೆಗಳ ತುದಿ ಗೋಡೆಗೆ ಸೇರುವಲ್ಲಿ ಕಪ್ಪಾಗಿತ್ತು. ಸ್ಕ್ರೂಡ್ರೈವರ್ ಇಟ್ಟರೆ ಬೆಂದ ಆಲೂಗಡ್ಡೆಗೆ ಇಳಿದಂತೆ ಹಿಡಿಯವರೆಗೆ ಇಳಿಯಿತು. ಮೇಲಿನ ಹಲಗೆ ಅವನು ಹಾಕಿದ್ದು, ಇನ್ನೂ ಕಬ್ಬಿಣದ ಹಾಗಿತ್ತು. ತೊಲೆ ಹಳೆಯ ಮನೆಯದೇ. ಅಂದು ಅದನ್ನು ಬದಲಿಸುವ ಗೋಜಿಗೆ ಅವನು ಹೋಗಿರಲಿಲ್ಲ, ಮೇಲೆ ಕಾಣುವುದಿಲ್ಲವಲ್ಲ.

ಅಜ್ಜಿ ಬಗ್ಗಿ ಗುಂಡಿಯೊಳಗೆ ನೋಡಿದಳು.

"ನೆಲ ಡೊಂಕು," ಎಂದಳು.

ಈ ಸಲ ಯಾರೂ ನಗಲಿಲ್ಲ.

ವೃದ್ಧಾಶ್ರಮದಿಂದ ಫೋನ್ ಬಂದದ್ದು ಓಣಿಯ ನೆಲವೆಲ್ಲ ಬಿಚ್ಚಿ, ದಾಟುವುದಕ್ಕೆ ಒಂದೇ ಅಗಲ ಹಲಗೆ ಹಾಸಿದ್ದ ವಾರದಲ್ಲಿ. ಹಾಸಿಗೆ ಖಾಲಿಯಾಗಿದೆ, ಯಾವಾಗ ಕರೆತರುತ್ತೀರಿ ಎಂದರು. ಸೊಸೆ ಗಂಡನ ಮುಖ ನೋಡಲಿಲ್ಲ. ಫೋನನ್ನು ಅತ್ತೆಯ ಕೈಗೇ ಕೊಟ್ಟಳು.

"ಬೇರೆ ಯಾರಿಗಾದ್ರೂ ಕೊಡಿಯಮ್ಮ, ಪಾಪ," ಎಂದಳು ಅಜ್ಜಿ. "ನನ್ನ ಕಾಲು ಸರಿಯಾಗಿದೆಯಂತೆ."

ಆ 'ಅಂತೆ' ಸೊಸೆಯ ಕಿವಿಗೆ ಮುಳ್ಳಿನ ಹಾಗೆ ಚುಚ್ಚಿತು. ತನ್ನ ಕಾಲಿನ ಸುದ್ದಿಯನ್ನು ಅಜ್ಜಿ ಬೇರೆಯವರ ಬಾಯಿಂದ ಕೇಳಿದವಳಂತೆ ಹೇಳಿದ್ದಳು.

ಬಡಗಿ ಗಿರಾಕಿಗಳ ಕೆಲಸ ಮುಂದೆ ಹಾಕಿ ಮನೆಯಲ್ಲೇ ದುಡಿದ. ಕೊಳವೆ ಬದಲಾಯಿತು, ಕೊಳೆತ ತೊಲೆಗಳು ಹೋಗಿ ಹೊಸವು ಬಂದವು. ತೊಲೆಯ ತುದಿ ಗೋಡೆಯ ತೇವ ಕುಡಿಯದಂತೆ ನಡುವೆ ಗಾಳಿಯಾಡಲು ಜಾಗ ಬಿಟ್ಟ. ರಸಮಟ್ಟವನ್ನು ಈಗ ಪ್ರತಿ ತೊಲೆಯ ಮೇಲೂ ಇಟ್ಟು, ಅಡ್ಡಲಾಗಿಯೂ ಇಟ್ಟು, ಕೇಳದಿದ್ದರೂ ಹೆಂಡತಿಯನ್ನು ಕರೆದು ತೋರಿಸಿದ. ಅವಳು ನೋಡಿ ಹೂಂ ಎನ್ನುತ್ತಿದ್ದಳು, ಅದಕ್ಕಿಂತ ಹೆಚ್ಚು ಮಾತು ಅವರ ನಡುವೆ ಬಹಳ ದಿನ ಇರಲಿಲ್ಲ. ಓಣಿ ಮುಗಿದ ಮೇಲೆ ಅಡುಗೆಮನೆಯ ನೆಲವನ್ನೂ ಎತ್ತಿ ಸರಿಮಾಡಿದ. ನೆಲ ಮಟ್ಟವಾದ ದಿನ ಮನೆಯ ಸಾಮಾನೆಲ್ಲ ಒಟ್ಟಿಗೆ ಕುಂಟತೊಡಗಿತು. ಮೇಜು ಓಲಾಡಿತು, ಕುರ್ಚಿಗಳು ಲಟಲಟ ಎಂದವು, ಸೂಪು ತಟ್ಟೆಯ ಒಂದು ಕಡೆಗೆ ಹರಿಯಿತು. ನಾವೆಲ್ಲ ಕುಡಿದವರ ಹಾಗೆ ಊಟ ಮಾಡ್ತಿದೀವಿ ಎಂದು ಪುಟ್ಟಿ ನಕ್ಕಳು. ಎಷ್ಟೋ ವಾರಗಳ ಮೇಲೆ ತಾಯಿಯೂ ನಕ್ಕಳು.

ಮರುದಿನ ಬೆಳಿಗ್ಗೆ ಬಡಗಿ ಗರಗಸ ಹಿಡಿದು ಕುರ್ಚಿಗಳನ್ನು ಬೋರಲು ಹಾಕಿ ಕೂತಿದ್ದ. ಅಜ್ಜಿ ಒಲೆಯ ಮುಂದೆ ನಿಂತು ತನ್ನ ಕೈಯಾರೆ ಚಹಾ ಮಾಡಿಕೊಂಡಳು. ಚಪ್ಪಲಿಯ ಹೆಚ್ಚಿನ ಅಟ್ಟೆಯನ್ನು ಮಗ ಕಿತ್ತುಹಾಕಿದ್ದರೂ ಅವಳು ಅದನ್ನು ಮೆಟ್ಟಿರಲಿಲ್ಲ, ಬರಿಗಾಲಲ್ಲಿದ್ದಳು. ಲೋಟವನ್ನು ಎಡಗೈಗೆ ತೆಗೆದುಕೊಂಡು ಓಣಿಗೆ ಕಾಲಿಟ್ಟಳು. ಬಲಗೈ ತಾನಾಗಿ ಹೋಗಿ ಗೋಡೆಯ ಮಾಸಲು ಪಟ್ಟಿಯ ಮೇಲೆ ಕೂತಿತು.

ಮಗ ಗರಗಸ ಇಟ್ಟು ಎದ್ದು ಬಂದ. ಅವನಿಗೆ ಅದನ್ನು ನೋಡಲಾಗಲಿಲ್ಲ.

"ಗೋಡೆ ಬಿಡಮ್ಮ. ನೆಲ ಗಟ್ಟಿ ಇದೆ."

ಅಜ್ಜಿ ನಿಂತಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ.

"ನೀನು ಆವಾಗ್ಲೂ ಹಾಗೇ ಹೇಳಿದ್ದೆ ಮಗಾ."

ಬಡಗಿ ಚಪ್ಪಲಿ ಬಿಟ್ಟು, ಅಮ್ಮನನ್ನು ದಾಟಿ ಮುಂದೆ ಹೋಗಿ, ಬಚ್ಚಲಿನ ಬಾಗಿಲ ಮುಂದೆ ಮೊದಲು ಮೆತ್ತಗಿದ್ದ ಜಾಗದಲ್ಲೇ ಎರಡೂ ಕಾಲೂರಿ ನಿಂತ. ಅಜ್ಜಿ ಅವನ ಪಾದಗಳನ್ನೇ ನೋಡುತ್ತಾ ನಿಂತಿದ್ದಳು. ನಡಿ, ಮುಂದೆ ನಡಿ ಎಂದಳು. ಅವನು ಒಂದೊಂದೇ ಹೆಜ್ಜೆ ಇಡುತ್ತಾ ಅವಳ ಕೋಣೆಯ ಕಡೆಗೆ ನಡೆದ. ಅವನು ಕಾಲಿಟ್ಟಲ್ಲೇ ಕಾಲಿಡುತ್ತಾ ಅವಳು ಹಿಂದೆ ಬಂದಳು, ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈ ಗೋಡೆಯ ಮೇಲೆ.